ಮಗಳ ಅಂಗೈ

ಮಸ್ಕಿಯ ಗುಡ್ಡದ ಬುಡದ ಓಣಿಯಲ್ಲಿ ಯಮನಮ್ಮನನ್ನು ಕರೆಯಲು ಬಂದವರು ಬಾಗಿಲವರೆಗೂ ಬರುತ್ತಿರಲಿಲ್ಲ. "ಯಮನವ್ವಾ, ನಮ್ಮನ್ಯಾಗ ಹಡದಾಳ" ಎಂದು ಓಣಿಯ ತುದಿಯಿಂದ ಕೂಗಿದರೆ ಸಾಕು, ಆಕೆ ಕುಸುಬಿ ಎಣ್ಣೆಯ ಗಿಂಡಿ ಹಿಡಿದು ಹೊರಟುಬಿಡುತ್ತಿದ್ದಳು. ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕುವುದು, ಕೂಸಿನ ಮೈ ತಿಕ್ಕುವುದು, ಮದುವೆ ಗೊತ್ತಾದ ಹುಡುಗಿಯರಿಗೆ ಅರಿಷಿಣ ಹಚ್ಚುವುದು, ಇದು ಅವಳ ಕಸುಬು. ಗಂಡ ಕುರಿ ಕಾಯುತ್ತಿದ್ದವನು, ಮಗಳು ಕರೆಮ್ಮ ಎರಡು ವರ್ಷದವಳಿದ್ದಾಗಲೇ ತೀರಿಕೊಂಡಿದ್ದ. ಅಲ್ಲಿಂದ ತಾಯಿ ಮಗಳ ಹೊಟ್ಟೆ ತುಂಬಿದ್ದು ಈ ಎರಡು ಕೈಗಳಿಂದಲೇ.

ಅಂಗಡಿ ಬಸವಣ್ಣೆಮ್ಮನ ಮನೆಗೆ ಅವಳು ವಾರಕ್ಕೊಮ್ಮೆ ಹೋಗುತ್ತಿದ್ದಳು. ಬಸವಣ್ಣೆಮ್ಮ ಊರಿನ ದೊಡ್ಡ ವ್ಯಾಪಾರಿಯ ಹೆಂಡತಿ, ನಲವತ್ತರ ಹತ್ತಿರ ಬಂದವಳು. ಒಂದು ದಿನ ಎಣ್ಣೆ ಹಚ್ಚಿಸಿಕೊಳ್ಳುತ್ತಾ ತನ್ನ ಎರಡೂ ಮುಂಗೈಗಳನ್ನು ಚಾಚಿದಳು.

"ಯಮನವ್ವ, ಖರೆ ಹೇಳು. ನಮ್ಮತ್ತಿ ಕೈ ಆದಂಗ ಆಗ್ಯಾವ ನೋಡು. ಇವಕ್ಕೇನು ಹಚ್ಚಬೇಕು?"

ಯಮನಮ್ಮ ಆಕೆಯ ತೋಳನ್ನು ಮಗುಚಿ ಒಳಮೈ ತೋರಿಸಿದಳು. "ಅವ್ವಾರ, ಈ ಚರ್ಮಾನೂ ಆ ಚರ್ಮಾನೂ ಹುಟ್ಟಿದ್ದು ಒಂದ ದಿನ. ಆದ್ರ ಇದು ಇನ್ನೂ ಹುಡುಗಿದ್ದಂಗೈತಿ, ಅದು ಮುದುಕಿ ಆಗೇತಿ. ಬರೇ ವರ್ಷ ಚರ್ಮ ತಿನ್ನಂಗಿಲ್ರಿ. ಬಿಸಿಲು ತಿಂತೈತಿ, ಒಲಿ ಝಳ ತಿಂತೈತಿ, ನಿದ್ದಿಗೇಡು, ಚಿಂತಿ, ಎಲ್ಲಾ ಕೂಡಿ ತಿಂತಾವ."

"ಹೋದದ್ದು ತಿರಗಿ ಬರ್ತೈತೇನು?"

"ಬರಂಗಿಲ್ರಿ. ಇದ್ದದ್ದನ್ನ ಉಳಿಸಿಕೋಬಹುದು ಅಷ್ಟ."

ಉಳಿಸಿಕೊಳ್ಳುವ ದಾರಿಯನ್ನೂ ಅವಳು ಮುಚ್ಚಿಡುತ್ತಿರಲಿಲ್ಲ. ಜಳಕಕ್ಕೆ ಮೊದಲು ಉಗುರುಬೆಚ್ಚಗಿನ ಎಣ್ಣೆ, ಸಾಬೂನಿನ ಬದಲು ಕೆನೆಯಲ್ಲಿ ಕಲಸಿದ ಕಡಲೆಹಿಟ್ಟು, ಮೈ ಒದ್ದೆ ಇರುವಾಗಲೇ ಹಿಮ್ಮಡಿಗೆ ಒಂದಿಷ್ಟು ಬೆಣ್ಣೆ. ಹೊರಗೆ ಹೊರಟರೆ ತಲೆ ಮೇಲೆ ಸೆರಗು. ಊಟಕ್ಕೆ ಸೊಪ್ಪು, ಹೆಸರುಕಾಳು, ಕುಡಿಯಲು ಧಾರಾಳ ಮಜ್ಜಿಗೆ. ಎಲ್ಲಕ್ಕಿಂತ ಹೆಚ್ಚಾಗಿ ನಡುಹಗಲು ನೆರಳು. ಹೇಳುವಾಗಲೇ ಅವಳಿಗೆ ಗೊತ್ತಿರುತ್ತಿತ್ತು, ಈ ಕೊನೆಯದು ಅಂಗಡಿಯವರ ಮನೆಯಲ್ಲಿ ಮಾತ್ರ ಸಿಗುವ ಔಷಧಿ ಎಂದು.

ಮಗಳು ಕರೆಮ್ಮನ ಮೈಯನ್ನು ಆಕೆ ಹುಟ್ಟಿದ ದಿನದಿಂದ ಯಮನಮ್ಮ ತಿಕ್ಕಿ ಬೆಳೆಸಿದ್ದಳು. ಹುಡುಗಿ ಬಣ್ಣದಲ್ಲಿ ಕಪ್ಪು, ಆದರೆ ಕೈಯಾಡಿಸಿದರೆ ಎಳೆ ಹುಣಸೆ ಚಿಗುರಿನ ನುಣುಪು. ರಜಾಕಾರರ ಗದ್ದಲ ಅಡಗಿದ ಮರುವರ್ಷ, ಗೊರೇಬಾಳದ ದ್ಯಾವಪ್ಪನಿಗೆ ಅವಳನ್ನು ಕೊಟ್ಟು ಮದುವೆಯಾಯಿತು. ದ್ಯಾವಪ್ಪ ಒಳ್ಳೆಯ ಹುಡುಗ, ಹೆಂಡತಿಯನ್ನು ಗದರಿದವನಲ್ಲ. ಆದರೆ ಅವನಿಗೆ ಭೂಮಿ ಇರಲಿಲ್ಲ. ಆ ಹೊತ್ತಿಗೆ ಸಿಂಧನೂರಿನ ಸುತ್ತ ತುಂಗಭದ್ರೆಯ ಕಾಲುವೆ ತೋಡುವ ಕೆಲಸ ಜೋರಾಗಿತ್ತು. ಗಂಡ ಹೆಂಡತಿ ಇಬ್ಬರೂ ಆ ಕೆಲಸಕ್ಕೆ ಹೋಗಿ ಬಯಲಿನಲ್ಲಿ ಜೋಪಡಿ ಹಾಕಿಕೊಂಡರು. ದ್ಯಾವಪ್ಪ ಕಲ್ಲು ಹೊರುತ್ತಿದ್ದ. ಸೇತುವೆ ಕಟ್ಟುವಲ್ಲಿ ಎತ್ತುಗಳು ಗಾಣ ತಿರುಗಿಸಿ ಸುಣ್ಣ ಅರೆಯುತ್ತಿದ್ದವು. ಆ ಗಾರೆಗಚ್ಚನ್ನು ಪುಟ್ಟಿಯಲ್ಲಿ ತುಂಬಿ ಹೊರುವುದು ಕರೆಮ್ಮನ ಪಾಲಿಗೆ ಬಂತು. ಎರಡು ವರ್ಷ ತಾಯಿಗೆ ಮಗಳ ಮುಖ ಕಂಡದ್ದು ಎರಡೇ ಸಲ, ಅದೂ ಬಸ್ಸಿನ ಹೊತ್ತಾಯಿತೆಂದು ಓಡುವ ಅವಸರದಲ್ಲಿ.

ಐವತ್ತೆರಡರ ಶ್ರಾವಣದಲ್ಲಿ ಕರೆಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಕೂಸು ಹುಟ್ಟಿತು. ಮೂರನೆಯ ದಿನ ಯಮನಮ್ಮ ಮಗಳನ್ನು ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿ, ಕೈತುಂಬ ಎಣ್ಣೆ ಹೊಯ್ದುಕೊಂಡು ಬೆನ್ನಿಗೆ ಹಚ್ಚಿದಳು. ಹಚ್ಚಿದವಳು ಹಾಗೇ ನಿಂತುಬಿಟ್ಟಳು. ಕಣ್ಣಿಗೆ ಮಗಳೇ ಕಾಣುತ್ತಿದ್ದಳು, ಕೈಗೆ ಮಾತ್ರ ಅವಳ ಗುರುತು ಹತ್ತಲಿಲ್ಲ. ಕುತ್ತಿಗೆಯ ಹಿಂಭಾಗ ನೆರಿಗೆ ಬಿದ್ದಿತ್ತು. ಹೆಗಲ ಚರ್ಮ ದಪ್ಪಗಾಗಿ ಒರಟಾಗಿತ್ತು. ಸುಣ್ಣ ಸಿಡಿದ ಕಡೆ ಬಿಳಿ ಕಲೆಗಳು. ಊರಿನ ಎಷ್ಟೋ ಮುದುಕಿಯರ ಬೆನ್ನು ಇದಕ್ಕಿಂತ ಮೆತ್ತಗಿತ್ತು. ಕರೆಮ್ಮನಿಗೆ ಆಗ ಇಪ್ಪತ್ತೊಂದು ತುಂಬಿರಲಿಲ್ಲ.

"ಯಾಕಬೇ, ಕೈ ನಿಂದರಿಸಿದಿ?" ಕರೆಮ್ಮ ಕೇಳಿದಳು.

"ಏನಿಲ್ಲವ್ವ. ಅಲ್ಲಿ ನೆಳ್ಳಿಗೆ ಒಂದು ಗಿಡಾನೂ ಇಲ್ಲೇನು?"

"ಗಿಡ ಐತಿ. ನೆಳ್ಳಾಗ ಕುಂತೋರ ಹೆಸರು ಮೇಸ್ತ್ರಿ ಬರಕೊಳ್ಳಂಗಿಲ್ಲ ಬೇ."

ಅಂಗೈಗಳು ಇನ್ನೂ ಗಟ್ಟಿ. ಬೆರಳುಗಳ ಬುಡದಲ್ಲಿ ಕಾಯಿಗಟ್ಟಿ, ಚಿಮಟಿದರೆ ನೋವೇ ಗೊತ್ತಾಗುತ್ತಿರಲಿಲ್ಲ. ಯಮನಮ್ಮ ಆ ಕೈಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಅವತ್ತೇ ಪಣ ತೊಟ್ಟಳು. ಊರ ಹೆಣ್ಣುಮಕ್ಕಳಿಗೆಲ್ಲ ಮಾಡಿದ್ದನ್ನು ತನ್ನ ಮಗಳಿಗೆ ಮಾಡದೆ ಬಿಡುವುದುಂಟೆ?

ಐದು ತಿಂಗಳು ಅವಳು ಕರೆಮ್ಮನನ್ನು ಬಿಸಿಲಿಗೆ ಬಿಡಲಿಲ್ಲ. ದಿನಾ ಎಣ್ಣೆ, ದಿನಾ ಬಿಸಿನೀರು. ಬಿಸಿನೀರಿನಲ್ಲಿ ಕೈ ನೆನೆಸಿ, ಕಾಯಿಗಟ್ಟಿದ ಚರ್ಮವನ್ನು ಒರಟು ಕಲ್ಲಿನಿಂದ ಸ್ವಲ್ಪ ಸ್ವಲ್ಪವೇ ತಿಕ್ಕಿ ತೆಗೆದಳು. ಲೋಳೆಸರದ ತಿರುಳನ್ನು ಒಡಕುಗಳಿಗೆ ಸವರಿದಳು. ಬಸವಣ್ಣೆಮ್ಮ ಕೊಟ್ಟ ಬೆಣ್ಣೆಯನ್ನು ತಾನು ಮುಟ್ಟದೆ ಮಗಳ ಅಂಗೈಗೇ ಉಜ್ಜಿದಳು. ಕುತ್ತಿಗೆಯ ನೆರಿಗೆ ಹಾಗೇ ಉಳಿಯಿತು, ಅದು ಹೋಗುವುದಿಲ್ಲವೆಂದು ಅವಳಿಗೆ ಮೊದಲೇ ಗೊತ್ತಿತ್ತು. ಆದರೆ ಅಂಗೈ ದೀಪಾವಳಿ ದಾಟುವಷ್ಟರಲ್ಲಿ ಮೆತ್ತಗಾಯಿತು. ಕೂಸಿನ ಕೆನ್ನೆ ಸವರುವಾಗ ಕರೆಮ್ಮ, "ಯವ್ವಾ, ಈಗ ಇದರ ಕೆನ್ನಿ ಮೆತ್ತಗ ಅನ್ನೋದು ನನಗ ತಿಳಿಯಾಕತ್ತೈತಿ" ಎಂದಳು.

ಸಂಕ್ರಾಂತಿ ಮುಗಿದ ಮೇಲೆ ದ್ಯಾವಪ್ಪ ಕರೆಯಲು ಬಂದ. ಕರೆಮ್ಮ ಕೈ ಚಾಚಿ, "ನೋಡು, ಶೆಟ್ರ ಮನಿ ಹೆಣ್ಮಕ್ಕಳ ಕೈ ಆದಂಗ ಆಗ್ಯಾವು" ಎಂದು ನಕ್ಕಳು. ಯಮನಮ್ಮ ಅಳಿಯನನ್ನು ಪಕ್ಕಕ್ಕೆ ಕರೆದಳು.

"ದ್ಯಾವಪ್ಪ, ಆಕಿನ್ನ ಇನ್ನೊಂದಿಷ್ಟು ದಿನ ಇಲ್ಲೇ ಬಿಡು."

"ಅತ್ತಿ, ಇದೊಂದು ಬ್ಯಾಸಗಿ ಅಷ್ಟ. ಕಾಲವಿಗೆ ನೀರು ಬಿಟ್ರ ಊರಾಗ ಪಾಲಿಗೆ ಭೂಮಿ ಮಾಡ್ತೀವಿ. ಆಮ್ಯಾಲ ನಿನ್ನ ಮಗಳು ನೆಳ್ಳಾಗ ಇರ್ತಾಳ. ಒಬ್ಬನ ಕೈಲೆ ಆಗವಲ್ದು."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಕರೆಮ್ಮ ಕೂಸನ್ನು ಉಡಿಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಯಮನಮ್ಮ ಒಂದು ಗಿಂಡಿ ಎಣ್ಣೆ ಕೊಟ್ಟು ಕಳಿಸಿದಳು.

ಹದಿನೇಳನೆಯ ದಿನ ಸಿಂಧನೂರಿನಿಂದ ಬಂದ ಲಾರಿಯವನು ಸುದ್ದಿ ತಂದ. ಕರೆಮ್ಮನ ದವಡೆ ಹಿಡಿದಿದೆ, ದವಾಖಾನೆಯಲ್ಲಿದ್ದಾಳೆ. ಯಮನಮ್ಮ ಅದೇ ಲಾರಿಯಲ್ಲಿ ಹೊರಟಳು. ದವಾಖಾನೆಯ ಪಡಸಾಲೆಯಲ್ಲಿ ದ್ಯಾವಪ್ಪ ಕೂಸನ್ನು ಎತ್ತಿಕೊಂಡು ನಿಂತಿದ್ದ. ಅವನು ಹೇಳಿದ್ದು ಇಷ್ಟು: ಮೊದಲ ದಿನವೇ ಪುಟ್ಟಿಯ ಅಂಚು ತಾಗಿ ಅಂಗೈಯಲ್ಲಿ ಬೊಬ್ಬೆ ಎದ್ದವು, ಮರುದಿನ ಒಡೆದವು. ಒಡೆದ ಬೊಬ್ಬೆಗೆ ಸುಣ್ಣ ಬಿದ್ದು ಚರ್ಮ ಕಿತ್ತುಬಂತು. ಕರೆಮ್ಮ ಅರಿವೆ ಸುತ್ತಿಕೊಂಡು, ಗಾಣದ ಸುತ್ತ ಎತ್ತಿನ ಸಗಣಿ ಬಿದ್ದ ನೆಲದಲ್ಲೇ ಗಚ್ಚು ಗೋರಿದಳು. ಗಾಯ ಮಾಯುತ್ತಾ ಬಂತು ಎನ್ನುವಾಗ ಬಾಯಿ ತೆರೆಯಲಾಗಲಿಲ್ಲ.

"ಮೊದಲ ಕೈ ಗಟ್ಟಿ ಇದ್ದಾಗ ಒಂದು ಬೊಬ್ಬಿ ಎದ್ದಿದ್ದಿಲ್ಲ ಅತ್ತಿ" ಎಂದ ದ್ಯಾವಪ್ಪ. ಚುಚ್ಚಬೇಕೆಂದು ಅವನು ಹೇಳಿದ್ದಲ್ಲ. ಆದರೆ ಆ ಮಾತು ಯಮನಮ್ಮನ ಎದೆಯಲ್ಲಿ ನಾಟಿಕೊಂಡಿತು.

ಒಳಗೆ ಕಿಟಕಿಗೆ ಕಂಬಳಿ ಹಾಕಿ ಕತ್ತಲು ಮಾಡಿದ್ದರು. ಕರೆಮ್ಮನ ಬೆನ್ನು ಬಿಲ್ಲಿನಂತೆ ಸೆಟೆದಿತ್ತು. ಕಣ್ಣು ಮಾತ್ರ ತಾಯಿಯ ಕಡೆ ಹೊರಳಿದವು. ಯಮನಮ್ಮ ಕೈ ಚಾಚುತ್ತಲೇ ಡಾಕ್ಟರು ತಡೆದರು.

"ಮುಟ್ಟಬ್ಯಾಡಮ್ಮ. ಯಾರು ಮುಟ್ಟಿದ್ರೂ ಸೆಳವು ಹೆಚ್ಚಾಗ್ತದ. ಸಪ್ಪಳ ಮಾಡದ ಕೂಡ್ರು."

ಊರ ತುಂಬ ಜನರ ನೋವನ್ನು ಕೈಯಿಂದ ಇಳಿಸಿದವಳು ಮಗಳಿಂದ ಒಂದು ಮಾರು ದೂರ, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕುಳಿತಳು. ಹೊರಗೆ ಬಂಡಿಯ ಸಪ್ಪಳವಾದರೂ ಕರೆಮ್ಮನ ಮೈ ಎಗರುತ್ತಿತ್ತು. ಆಗೆಲ್ಲ ಯಮನಮ್ಮ ತಾನೇ ಉಸಿರು ಹಿಡಿಯುತ್ತಿದ್ದಳು. ಹೀಗೆ ಎರಡು ದಿನ ಕಳೆದವು. ಮೂರನೆಯ ದಿನ ಬೆಳಿಗ್ಗೆ ಹೊತ್ತು ಮಾರೆತ್ತರ ಏರುವಷ್ಟರಲ್ಲಿ ಎಲ್ಲ ಮುಗಿಯಿತು. ಡಾಕ್ಟರು ತಲೆ ತಗ್ಗಿಸಿ, "ಈಗ ಮುಟ್ಟಮ್ಮ" ಎಂದರು.

ಅವಳು ಮಗಳ ಮುಚ್ಚಿದ ಮುಷ್ಟಿಯನ್ನು ಒಂದೊಂದೇ ಬೆರಳು ಬಿಡಿಸಿ ತೆರೆದಳು. ನೋಡಿದಳು. ಮತ್ತೆ ಮುಚ್ಚಿದಳು.

"ಡಾಕ್ಟರ್ ಸಾಹೇಬ್ರ, ನಾ ಎಣ್ಣಿ ಹಚ್ಚಿ ಕೈ ಮೆತ್ತಗ ಮಾಡಿದ್ನಿರಿ. ಅದಕ್ಕ ಹಿಂಗಾತೇನ್ರಿ?"

"ಇಲ್ಲಮ್ಮ. ಗಾಯದಾಗ ಸಗಣಿ ಮಣ್ಣು ಹೋಗಿ ನಂಜಾಗೇದ, ಧನುರ್ವಾಯು. ಗಟ್ಟಿ ಕೈಯೋರೂ ಇದ ರೋಗದಾಗ ಬರ್ತಾರ."

ನಂಜು ಹೇಗಾಯಿತು ಎನ್ನುವುದನ್ನು ಡಾಕ್ಟರು ಹೇಳಿದ್ದರು. ಗಾಯ ಯಾಕಾಯಿತು ಎನ್ನುವುದೊಂದೇ ಯಮನಮ್ಮನಿಗೆ ಬೇಕಾಗಿತ್ತು.

ದ್ಯಾವಪ್ಪ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಕಾಲುವೆಯ ಕೆಲಸಕ್ಕೆ ಮರಳಿದ. ಕೂಸಿನೊಂದಿಗೆ ಮಸ್ಕಿಗೆ ಬಂದ ಯಮನಮ್ಮ ಮತ್ತೆ ಯಾರ ಮನೆಗೂ ಹೋಗಲಿಲ್ಲ. ಓಣಿಯ ತುದಿಯಿಂದ ಕೂಗಿದವರು ಉತ್ತರ ಸಿಗದೆ ತಿರುಗಿ ಹೋದರು. ಬಸವಣ್ಣೆಮ್ಮ ಆಳಿನ ಕೈಯಲ್ಲಿ ಜೋಳ, ಬೇಳೆ ಕಳಿಸಿದಳು, ಎಣ್ಣೆ ಹಚ್ಚಲು ಬಾ ಎಂದು ಹೇಳಿ ಕಳಿಸಲಿಲ್ಲ. ಯಮನಮ್ಮ ಹಗಲೆಲ್ಲ ಕೂಲಿಗೆ ಹತ್ತಿ ಬಿಡಿಸಲು ಹೋಗುತ್ತಿದ್ದಳು. ಕೂಸನ್ನು ಹೊಲದ ಬದುವಿನಲ್ಲಿ ಮಲಗಿಸುತ್ತಿದ್ದಳು. ಒಂದು ಹನಿ ಎಣ್ಣೆ ಅದರ ಮೈಗೆ ಸೋಕಿಸಲಿಲ್ಲ. ಚಳಿಗಾಲ ಬಂದಾಗ ಕೂಸಿನ ಕಾಲು, ಕೆನ್ನೆ ಬಿರಿದು ರಕ್ತದ ಗೆರೆ ಮೂಡಿದವು.

ಪಕ್ಕದ ಮನೆಯ ಜೈನಾಬೀ, ಪಾತ್ರೆಗೆ ಕಲಾಯಿ ಹಾಕುವವನ ಹೆಂಡತಿ, ಒಂದು ಮಧ್ಯಾಹ್ನ ಅಳುವ ಕೂಸನ್ನು ಎತ್ತಿಕೊಂಡು ಬಂದು ಯಮನಮ್ಮನ ಎದುರು ನಿಂತಳು.

"ತೌಬಾ! ಇದರ ಮೈ ನೋಡಿಯೇನು? ಉರಿ ತಡೀಲಾರದ ಅಳಾಕತ್ತೈತಿ."

"ಅಳ್ಲಿ ಬಿಡು. ಗಟ್ಟಿ ಆಗ್ಲಿ. ಮೆತ್ತಗ ಬೆಳದದ್ದು ಸತ್ತು ಹೋತು."

"ಒಡದ ಚರ್ಮ ಗಟ್ಟಿ ಅಲ್ಲ ಯಮನವ್ವ. ಒಡದ ಚರ್ಮ ಅಂದ್ರ ತೆರದ ಬಾಗಲ. ನಿನ್ನ ಮಗಳಿಗೆ ನಂಜು ಹೊಕ್ಕದ್ದು ಅಂಥಾ ಬಾಗಲದಾಗಿಂದನ ಅಲ್ಲೇನು? ಇದಕ್ಕೂ ತೆರದಿಟ್ಟು ಕುಂತೀಯಲ್ಲ!"

ಜೈನಾಬೀ ತನ್ನ ಮನೆಯಿಂದಲೇ ಎಣ್ಣೆ ತಂದು, ಅಲ್ಲೇ ಕಾಲು ಚಾಚಿ ಕುಳಿತು ಕೂಸನ್ನು ಮಲಗಿಸಿಕೊಂಡಳು. ಪಾಪ, ಅವಳಿಗೆ ಆ ಕೆಲಸ ಬರುತ್ತಿರಲಿಲ್ಲ. ಎಣ್ಣೆ ಕಣ್ಣಿಗಿಳಿಯಿತು, ಕೂಸು ಕಿರುಚಿತು.

"ಹಂಗಲ್ಲ, ಕಣ್ಣಾಗ ಹೋಗ್ತೈತಿ. ಕೊಡು ಇತ್ತ" ಎಂದು ಯಮನಮ್ಮ ಕಸಿದುಕೊಂಡಳು. ಹಣೆಯಿಂದ ಹಿಂದಕ್ಕೆ ಸವರಿದಳು, ಒಡೆದ ಕಾಲುಗಳಿಗೆ ಎಣ್ಣೆಯನ್ನು ಒತ್ತದೆ ಇಟ್ಟಳು. ಕೂಸು ಸುಮ್ಮನಾಯಿತು. ಸಿಂಧನೂರಿನಲ್ಲಿ ಬಾರದ ಅಳು ಯಮನಮ್ಮನಿಗೆ ಆಗ ಬಂತು. ಅವಳು ಅತ್ತಷ್ಟು ಹೊತ್ತೂ ಜೈನಾಬೀ ಎದ್ದು ಹೋಗಲಿಲ್ಲ.

ಕಸುಬಿಗೆ ಅವಳು ಮತ್ತೆ ಇಳಿದಳು, ಆದರೆ ಮದುವೆಯ ಹುಡುಗಿಯರ ಮನೆಗೆ ಕಡಿಮೆ ಹೋದಳು. ದೊಡ್ಡ ಕಾಲುವೆಗೆ ನೀರು ಬಂದಿತ್ತು. ತುರ್ವಿಹಾಳ, ಬಳಗಾನೂರಿನ ಕಡೆ ಸಣ್ಣ ಕಾಲುವೆಗಳ ಕೆಲಸ ಇನ್ನೂ ನಡೆದಿತ್ತು. ತಿಂಗಳಿಗೆ ಒಂದೆರಡು ಸಲ ಅವಳು ಎಣ್ಣೆಯ ಡಬ್ಬಿ ಹೊತ್ತು, ಮೊಮ್ಮಗಳನ್ನು ಜೈನಾಬೀಯ ಬಳಿ ಬಿಟ್ಟು, ಅಲ್ಲಿಯ ಹೆಂಗಸರ ಹತ್ತಿರ ಹೋಗತೊಡಗಿದಳು. ಸುಣ್ಣ ಮುಟ್ಟುವ ಮೊದಲು ಕೈಗೆ ಎಣ್ಣೆ ಹಚ್ಚಿರಿ, ಕೆಲಸ ಬಿಟ್ಟಕೂಡಲೇ ಧಾರಾಳ ನೀರಲ್ಲಿ ತೊಳೆಯಿರಿ, ಕುತ್ತಿಗೆಯ ಹಿಂದೆ ಸೆರಗು ಇಳಿಬಿಡಿರಿ, ಗಾಯವಾದರೆ ಅರಿವೆ ಸುತ್ತಿ ಮಣ್ಣಿಗಿಳಿಯಬೇಡಿರಿ, ದವಾಖಾನೆಗೆ ಹೋಗಿರಿ. ಕೆಲವರು ಕೇಳಿದರು. ಕೆಲವರು ಮುದುಕಿಗೆ ಮಗಳ ಹುಚ್ಚು ಹಿಡಿದಿದೆ ಎಂದರು. ಅದೂ ಸುಳ್ಳಲ್ಲ.

ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಬಳಗಾನೂರಿನ ಹತ್ತಿರ ಮದುವೆ ಗೊತ್ತಾದ ಹುಡುಗಿಯೊಬ್ಬಳು ಅವಳೆದುರು ಕೈಯೊಡ್ಡಿದಳು.

"ಆಯಿ, ಇವನ್ನ ಮೆತ್ತಗ ಮಾಡಿ ಕೊಡು. ಗಂಡನ ಮನ್ಯಾಗ ನಗ್ತಾರ."

"ಮದುವಿ ಆದಮ್ಯಾಲ ಮತ್ತ ಪುಟ್ಟಿ ಹೊರ್ತಿಯೇನು?"

"ಹೊರದ ಏನು ಮಾಡ್ಲಿ?"

ಯಮನಮ್ಮ ಡಬ್ಬಿ ತೆರೆದು ಹುಡುಗಿಯ ಮುಂಗೈಗೆ, ತೋಳಿಗೆ, ಕುತ್ತಿಗೆಗೆ ತಾಳ್ಮೆಯಿಂದ ಎಣ್ಣೆ ತಿಕ್ಕಿದಳು. ಬೆರಳ ಸಂದಿನ ಒಡಕುಗಳಿಗೆ ಬೆಣ್ಣೆ ತುಂಬಿದಳು. ಅಂಗೈಯ ಕಾಯಿಗಟ್ಟಿದ ಚರ್ಮವನ್ನು ಮಾತ್ರ ಹೆಬ್ಬೆರಳಿನಿಂದ ಒಮ್ಮೆ ಸವರಿ, ಹಾಗೇ ಬಿಟ್ಟಳು.

"ಇದನ್ನ ತಗೀಬ್ಯಾಡವ್ವ" ಎಂದಳು. "ಯಾರು ನಕ್ಕರೂ ತಗೀಬ್ಯಾಡ."