ಈಬತ್ತಿ ಪಕ್ಕದ ಮಾತ್ರೆ

ನಮ್ಮ ಮನೆಯಲ್ಲಿ ಮಾತ್ರೆಗಳಿಗೆ ಒಂದು ಜಾಗ ಅಂತ ಇರಲಿಲ್ಲ. ಅತ್ತೆಯವರ ಬಿ.ಪಿ. ಮಾತ್ರೆ ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ (ಅವರ ಬಾಯಲ್ಲಿ ಅದು ‘ಈಬತ್ತಿ’) ಪಕ್ಕ ಇರುತ್ತಿತ್ತು. ಸಕ್ಕರೆ ಕಾಯಿಲೆಯದು ಅಡುಗೆಮನೆ ಕಿಟಕಿಯಲ್ಲಿ ಉಪ್ಪಿನ ಡಬ್ಬಿಗೆ ಒರಗಿಕೊಂಡು, ರಾತ್ರಿಯದು ಅವರ ತಲೆದಿಂಬಿನ ಕೆಳಗೆ. ನನ್ನ ಯಜಮಾನರ ಗ್ಯಾಸಿನ ಮಾತ್ರೆಗಳಂತೂ ಫ್ರಿಡ್ಜಿನ ಮೇಲೆ, ಅಂಗಿ ಜೇಬಿನಲ್ಲಿ, ಟಿ.ವಿ. ಹಿಂದೆ, ಎಲ್ಲಿ ಕೈ ಹಾಕಿದರೂ ಸಿಗುತ್ತಿದ್ದವು. ನಾನು ಇಪ್ಪತ್ತೈದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು, ಚಾಕ್‌ಪೀಸನ್ನೂ ಬಣ್ಣ ನೋಡಿ ಜೋಡಿಸುವವಳು. ಈ ಅವ್ಯವಸ್ಥೆ ಕಂಡಾಗಲೆಲ್ಲ ಮೈ ಉರಿಯುತ್ತಿತ್ತು. ಹೊಳಲ್ಕೆರೆಯ ನಮ್ಮ ಮನೆಯ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿದ ಮೇಲೆ, ಅಲ್ಲಿಗೊಂದು ಕನ್ನಡಿ ಬಾಗಿಲಿನ ಔಷಧಿ ಪೆಟ್ಟಿಗೆ ಹಾಕಿಸಿಯೇ ಸಿದ್ಧ ಎಂದು ಹಟ ಹಿಡಿದೆ.

ಅತ್ತೆ ಅಕ್ಕಿ ಆರಿಸುತ್ತಾ ಕುಳಿತಿದ್ದರು. "ಬಾಯಿಗೆ ಹಾಕ್ಕಳದನ್ನ ಯಾರಾದ್ರೂ ಬಚ್ಚಲಾಗೆ ಇಡ್ತಾರೇನವ್ವಾ?" ಎಂದರು.

"ಈಗ ಎಲ್ಲರ ಮನೇಲೂ ಅಲ್ಲೇ ಇಡೋದು ಅತ್ತೆ. ಬಾಗ್ಲು ಹಾಕಿರ್ತೈತೆ, ನೀರು ಬೀಳಲ್ಲ."

"ಆಗ್ಲಿ ಬಿಡು. ನೀನು ಓದಿದೋಳು, ನಿಂಗೇ ಗೊತ್ತಿರ್ತೈತೆ."

ಯಾವ ವಾದವನ್ನಾದರೂ ಅವರು ಇದೇ ಮಾತಿನಿಂದ ಮುಗಿಸುತ್ತಿದ್ದರು. ಪ್ರತಿ ಸಲವೂ ನಾನು ಗೆದ್ದೆ ಅಂದುಕೊಳ್ಳುತ್ತಿದ್ದೆ.

ದುರ್ಗಕ್ಕೆ ಹೋಗಿ ಮೂರು ಅಂಗಡಿ ಸುತ್ತಿದೆ. ಪ್ಲಾಸ್ಟಿಕ್ಕಿನದು ಹಗುರ, ಆದರೆ ಬಾಗಿಲು ತೆಗೆದರೆ ಅಲುಗಾಡುತ್ತಿತ್ತು. ಮರದ್ದು ಚೆಂದ, ತೇವಕ್ಕೆ ಉಬ್ಬುತ್ತದೆ ಎಂದು ಅಂಗಡಿಯವರೇ ಹೇಳಿದರು. ಕೊನೆಗೆ ಸ್ಟೀಲಿನದು, ಒಳಗೆ ಎರಡು ಅಂತಸ್ತು ಇದ್ದದ್ದು, ಆರಿಸಿದೆ. ಜೊತೆಗೆ ಒಂದೇ ಅಳತೆಯ ಆರು ಬಿಳಿ ಡಬ್ಬಿಗಳನ್ನೂ ತೆಗೆದುಕೊಂಡೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುವಾಗ ಪಕ್ಕದವರು "ಟೀವೀನೇನ್ರಿ ಅಮ್ಮಾ?" ಎಂದು ಕೇಳಿದರು. ಔಷಧಿ ಇಡೋದು ಎಂದೆ. "ಇಷ್ಟು ದೊಡ್ಡದು ಬೇಕಾಗ್ತೈತಾ? ಪಾಪ" ಎಂದು ಮರುಗಿದರು.

ಮಾರನೆಯ ದಿನ ಫಿಟ್ಟಿಂಗ್ ಮಾಡುವವರು ಬಂದರು. ಹೊಸ ಟೈಲ್ಸಿಗೆ ಡ್ರಿಲ್ ಇಟ್ಟಾಗ ನಾನು ಮುಖ ತಿರುಗಿಸಿದೆ. ನಾಲ್ಕು ತೂತು ಬಿದ್ದವು, ಪುಣ್ಯಕ್ಕೆ ಒಂದು ಟೈಲೂ ಬಿರುಕು ಬಿಡಲಿಲ್ಲ. ಯಜಮಾನರು ಗಡ್ಡ ಹೆರೆದುಕೊಳ್ಳಲು ಕನ್ನಡಿ ಇನ್ನಷ್ಟು ಮೇಲಿರಲಿ ಎಂದರು. "ಅತ್ತೆ ಕೈಗೆ ಸಿಗೋ ಹಾಗೆ ಇರ್ಲಿ, ನೀವು ಬೇಕಾದ್ರೆ ಬಗ್ರಿ" ಎಂದು ಬಾಯಿ ಮುಚ್ಚಿಸಿದೆ. ಆಮೇಲೆ ಮನೆಯ ಮೂಲೆ ಮೂಲೆಯಿಂದ ಮಾತ್ರೆಗಳನ್ನು ಬಳಿದು ತಂದು ಡಬ್ಬಿಗಳಿಗೆ ತುಂಬಿದೆ. ಪ್ರತಿ ಡಬ್ಬಿಯ ಮೇಲೂ ಚೀಟಿ ಅಂಟಿಸಿ, ಕಪ್ಪು ಹಲಗೆಯ ಮೇಲೆ ಬರೆಯುವ ಹಾಗೆ ದುಂಡಗೆ, ದಪ್ಪಗೆ ಬರೆದೆ: ಅಮ್ಮ – ಬೆಳಿಗ್ಗೆ, ಅಮ್ಮ – ಮಧ್ಯಾಹ್ನ, ಅಮ್ಮ – ರಾತ್ರಿ, ಗ್ಯಾಸ್. ಅತ್ತೆ ಯಾವಾಗಲೂ ಕಣ್ಣು ಮಂಜು ಅನ್ನುತ್ತಿದ್ದರಲ್ಲ, ಅದಕ್ಕೇ ಅಷ್ಟು ದಪ್ಪ. ಹೋದ ವರ್ಷ ಎರಡೂ ಕಣ್ಣಿನ ಪೊರೆ ತೆಗೆಸಿದ್ದೆವು. ಕನ್ನಡಕ ಹಾಕಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದರು. ಆದರೂ ಮನೆಗೆ ಲಗ್ನಪತ್ರಿಕೆ ಬಂದರೆ "ಕಣ್ಣು ಮಂಜು ಮಂಜು ಕಣವ್ವಾ, ನೀನೇ ಓದು" ಎಂದು ನನ್ನ ಕೈಗೆ ಕೊಡುತ್ತಿದ್ದರು. ಸೋಮಾರಿತನ ಅಂದುಕೊಂಡು ನಾನು ಗಡಿಬಿಡಿಯಲ್ಲಿ ಓದಿ ಒಗಾಯಿಸುತ್ತಿದ್ದೆ.

"ಎಲ್ಲಾ ಬರ್ದಿದೀನಿ ಅತ್ತೆ, ನೋಡ್ಕಂಡು ತಗಳ್ರಿ" ಎಂದೆ. ಹೂಂ ಎಂದರು.

ಮೂರು ವಾರ ಕಳೆದಿರಬೇಕು. ಒಂದು ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಅತ್ತೆ ಹಾಗೇ ಕುಸಿದು ಕುಳಿತರು. ಒದ್ದೆ ಸೀರೆ ಕೈಯಲ್ಲೇ ಇತ್ತು. ಆಟೋದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಓಡಿದೆವು. ಬಿ.ಪಿ. ವಿಪರೀತ ಏರಿತ್ತು. "ಮಾತ್ರೆ ಸರಿಯಾಗಿ ತಗಂತಿದೀರೇನಮ್ಮಾ?" ಎಂದು ಅವರು ಕೇಳಿದರೆ ಅತ್ತೆ "ತಗಂತೀನಿ" ಎಂದು ನೆಲ ನೋಡಿದರು.

ಮನೆಗೆ ಬಂದವಳೇ ಪೆಟ್ಟಿಗೆ ತೆರೆದೆ. ಬೆಳಗಿನ ಡಬ್ಬಿಯಲ್ಲಿ ಬಿ.ಪಿ. ಮಾತ್ರೆ ಹೆಚ್ಚುಕಡಿಮೆ ಹಾಗೇ ಇತ್ತು. ಯಜಮಾನರ ಗ್ಯಾಸಿನ ಡಬ್ಬಿ ಖಾಲಿ! ಹೆದರಿಕೆಯೆಲ್ಲ ಸಿಟ್ಟಾಗಿ ಬಾಯಿಗೆ ಬಂತು. "ಇಷ್ಟು ದಪ್ಪಕ್ಷರದಲ್ಲಿ ಬರ್ದಿದೀನಲ್ಲ, ಒಂದು ಸಲ ಓದಿ ನೋಡಕ್ಕೇನು ಕಷ್ಟ ನಿಮಗೆ?" ಎಂದು ಕೂಗಿದೆ. ಅತ್ತೆ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದರು.

ಯಜಮಾನರು ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದರು. "ಅಮ್ಮಂಗೆ ಓದಕ್ಕೆ ಬರಲ್ಲ ಕಣೇ. ಸಹಿ ಮಾಡದೊಂದೇ ಕಲ್ತಿರದು. ಸೊಸೆ ಟೀಚ್ರು, ಅವ್ಳಿಗೆ ಗೊತ್ತಾಗಬಾರ್ದು ಅಂತ ನಮ್ಮ ಮದ್ವೆ ದಿನಾನೇ ನನ್ನತ್ರ ಆಣೆ ಹಾಕಿಸ್ಕಂಡಿದ್ಲು."

ನನಗೆ ನಾಚಿಕೆಯಾಯಿತು. ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದವಳು, ಒಂದೇ ಸೂರಿನಡಿ ಇದ್ದವರ ಕಷ್ಟ ಓದಲಾರದೆ ಹೋಗಿದ್ದೆ. ತರಗತಿಯಲ್ಲಿ ತಡವರಿಸಿದ ಹುಡುಗಿಯರನ್ನು ಎದ್ದು ನಿಲ್ಲಿಸಿ ಎಲ್ಲರೆದುರು ಓದಿಸುತ್ತಿದ್ದುದೂ ಅವತ್ತೇ ನೆನಪಾಗಬೇಕೆ?

ಕಾಫಿ ತೆಗೆದುಕೊಂಡು ಹೋಗಿ ಮಂಚದ ತುದಿಗೆ ಕುಳಿತೆ. "ತಪ್ಪಾಯ್ತು ಅತ್ತೆ. ಎಲ್ಲಾ ಮೊದಲಿದ್ದ ಕಡೇನೇ ಇಡ್ತೀನಿ" ಎಂದೆ.

ಅವರು ಎದ್ದು ಕುಳಿತರು. "ಈಬತ್ತಿ ಪಕ್ಕದ್ದು ಬೆಳಗಿಂದು, ಉಪ್ಪಿನ ಡಬ್ಬಿ ತಾವಿದ್ದಿದ್ದು ಉಂಡ ಮ್ಯಾಲಿಂದು, ದಿಂಬಿನ ಕೆಳಗಿಂದು ರಾತ್ರಿದು. ನಂಗೆ ಅಷ್ಟೇ ಗೊತ್ತಿದ್ದಿದ್ದು. ನೀನು ಎಲ್ಲಾ ಒಂದೇ ತರ ಡಬ್ಬಿಗೆ ತುಂಬಿಬಿಟ್ಟೆ. ಇವ್ನು ಗ್ಯಾಸಿನ ಮಾತ್ರೆ ಹುಡುಕಿ ಹುಡುಕಿ ಎಡಕ್ಕಿದ್ದಿದ್ದನ್ನ ಬಲಕ್ಕಿಡ್ತಿದ್ದ. ಕೇಳಾಣ ಅಂದ್ರೆ ಬಾಯಿ ಬರ್ಲಿಲ್ಲ ಕಣವ್ವಾ."

ಕಾಫಿ ಕುಡಿದು, ಪೆಟ್ಟಿಗೆ ವ್ಯರ್ಥವಾಗುವುದು ಬೇಡ ಎಂದರು. ಡಬ್ಬಿಗೆ ತಾವೇ ಗುರುತು ಮಾಡಿಕೊಳ್ಳುತ್ತಾರಂತೆ. ಒಂದೇ ಷರತ್ತು: "ಈಬತ್ತಿನ ಬಚ್ಚಲಾಗೆ ತರಕ್ಕಾಗಲ್ಲ. ಪೆಟ್ಟಿಗೇನೇ ಈಚೆಗೆ ಬರ್ಬೇಕು."

ಅದೇ ಫಿಟ್ಟಿಂಗಿನವರು ಮತ್ತೆ ಬಂದು, ಅತ್ತೆ ಮೊದಲೇ ಬಚ್ಚಲು ಬೇಡ ಅಂದಿದ್ದರೆಂದು ಯಜಮಾನರಿಂದ ಕೇಳಿಕೊಂಡು ಸ್ಕ್ರೂ ಬಿಚ್ಚಿದರು. "ಅಜ್ಜಿ ಮಾತು ಮೊದ್ಲೇ ಕೇಳಿದ್ರೆ ಟೈಲ್ಸ್ ಉಳೀತಿತ್ತಲ್ರಿ ಮೇಡಂ" ಎಂದು ಕಿಚಾಯಿಸಿದರು. ಈಗ ಪೆಟ್ಟಿಗೆ ನಡುಮನೆಯಲ್ಲಿ ದೇವರ ಗೂಡಿನ ಪಕ್ಕ ಇದೆ. ಬೆಳಿಗ್ಗೆ ಪೂಜೆ ಮುಗಿಸಿದ ಅತ್ತೆ ಬೆರಳಲ್ಲಿ ಉಳಿದ ವಿಭೂತಿಯನ್ನು ಒಂದು ಡಬ್ಬಿಯ ಮುಚ್ಚಳಕ್ಕೆ ಎಳೆಯುತ್ತಾರೆ. ರಾತ್ರಿಯ ಡಬ್ಬಿಗೆ ಹಳೆ ದಿಂಬಿನ ಬಟ್ಟೆಯ ಚೂರು ಸುತ್ತಿದ್ದಾರೆ. ಮಧ್ಯಾಹ್ನದ್ದು ಪೆಟ್ಟಿಗೆಗೆ ಬರಲೇ ಇಲ್ಲ, ಉಪ್ಪಿನ ಡಬ್ಬಿಯ ಹತ್ತಿರವೇ ವಾಪಸ್ ಹೋಯಿತು. ಬಚ್ಚಲಿನ ಗೋಡೆಯಲ್ಲಿ ವೈಟ್ ಸಿಮೆಂಟ್ ತುಂಬಿದ ನಾಲ್ಕು ತೂತುಗಳಿವೆ. ಸ್ನಾನ ಮಾಡುವಾಗ ದಿನಾ ಕಣ್ಣಿಗೆ ಬೀಳುತ್ತವೆ.

ಮೊನ್ನೆ ಹಿರಿಯೂರಿನ ನಂಟರ ಮನೆಯಿಂದ ಲಗ್ನಪತ್ರಿಕೆ ಬಂತು. ಅತ್ತೆ ಬೆಳಗಿನ ಮಾತ್ರೆ ನುಂಗಿ, ಪೆಟ್ಟಿಗೆಯ ಬಾಗಿಲು ಹಾಕಿ, ಪತ್ರಿಕೆ ತಂದು ನನ್ನ ಕೈಗಿಟ್ಟರು.

"ಓದವ್ವಾ" ಎಂದರು. ಕಣ್ಣು ಮಂಜು ಎನ್ನಲಿಲ್ಲ.

ಪಕ್ಕದಲ್ಲಿ ಕೂರಿಸಿಕೊಂಡು, ಸುಖಾಗಮನ ಬಯಸುವವರ ಕೊನೆಯ ಹೆಸರಿನವರೆಗೂ, ನಿಧಾನವಾಗಿ ಓದಿದೆ.