ಹಿಂಡಿ ಅಕ್ಕನ ಬ್ಲಾಗು

ಡಬ್ಬಿಯ ಮುಚ್ಚಳ ಕೆಂಪಗಿತ್ತು ಎಂದು ನನ್ನ ನೆನಪು. ಮೊನ್ನೆ ಹುಮನಾಬಾದಿನಲ್ಲಿ, ಕಾಕುವಿನ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಸಿಕ್ಕ ಡಬ್ಬಿಯ ಮುಚ್ಚಳ ಹಸಿರು. ಹಾಗಾದರೆ ಮುಂದೆ ಬರೆಯುವುದರಲ್ಲಿ ಇನ್ನೇನೇನು ಅದಲುಬದಲಾಗಿದೆಯೋ ನನಗೆ ತಿಳಿಯದು. ವಾಸನೆ ಮಾತ್ರ ಅದೇ. ಡಬ್ಬಿಯ ತುಂಬ ಈಗ ಸೇಫ್ಟಿ ಪಿನ್ನು, ಬ್ಲೌಸಿನ ಹುಕ್ಕು. ಆದರೂ ಮುಚ್ಚಳವನ್ನು ಮೂಗಿನ ಹತ್ತಿರ ತಂದರೆ ಹುರಿದ ಅಗಸಿ, ಬೆಳ್ಳುಳ್ಳಿ...

ಕಾಕು ನನ್ನ ಚಿಕ್ಕಪ್ಪನ ಹೆಂಡತಿ. ಡಿಗ್ರಿ ಓದುವಾಗ ನಾನು ಅವಳ ಮನೆಯಲ್ಲಿದ್ದೆ. ಆ ಮನೆಗೆ ಅಗಸಿ ಹಿಂಡಿ, ಶೇಂಗಾ ಹಿಂಡಿ ಎಂದು ಚಟ್ನಿಪುಡಿ ತಂದುಕೊಡುತ್ತಿದ್ದವಳನ್ನು ನಾವೆಲ್ಲ ಹಿಂಡಿ ಅಕ್ಕ ಎನ್ನುತ್ತಿದ್ದೆವು. ಕೊಹಿನೂರು ಎಂಬ ಹಳ್ಳಿಯವಳು, ಮದುವೆಯಾಗಿ ಹುಮನಾಬಾದಿಗೆ ಬಂದಿದ್ದಳು. ಅವಳ ಚೀಲದಲ್ಲಿ ಡಬ್ಬಿಗಳ ನಡುವೆ ಸದಾ ಒಂದು ಪುಸ್ತಕ ಇರುತ್ತಿತ್ತು. ಸಣ್ಣ ವ್ಯಾಪಾರ ಶುರುಮಾಡುವುದು ಹೇಗೆ, ಗಿರಾಕಿಯ ಮನಸ್ಸು ಅರಿಯುವುದು ಹೇಗೆ, ಇಂಥವು. ಪುಟಗಳ ಅಂಚಿನಲ್ಲಿ ಎಣ್ಣೆಬೆರಳಿನ ಗುರುತು.

ಬ್ಲಾಗು ಮಾಡುವ ಯೋಚನೆ ಅವಳದೇ. ಕಾಕುವಿನ ಪಡಸಾಲೆಯಲ್ಲಿ ಕುಳಿತು ಅವಳು ಹೇಳುತ್ತಿದ್ದಳು, ನಾನು ನನ್ನ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಿದ್ದೆ. ಕಾಕು ಚಹಾ ತಂದಿಟ್ಟು ಚೇಷ್ಟೆ ಮಾಡುತ್ತಿದ್ದಳು.

"ಹಿಂಡಿ ಮಾರಾಕ ಇಷ್ಟೆಲ್ಲ ಓದ್ಬೇಕೇನ?"

"ಓದ್ಲಾರ್ದ ಮಾರಿದ್ರ ನೀವು ಚೌಕಾಶಿ ಮಾಡ್ತೀರಲ್ರಿ ಕಾಕು."

ಕಾಕು ನಗುತ್ತಿದ್ದಳು. ನಾವು ಬರೆದದ್ದನ್ನು ವಾಟ್ಸಾಪಿನಲ್ಲಿ ಓಣಿಯ ಹೆಂಗಸರಿಗೆಲ್ಲ ಕಳಿಸುತ್ತಿದ್ದವಳೂ ಅವಳೇ. ನೋಡನೋಡುತ್ತ ಬೀದರದಿಂದ, ಆಚೆ ಲಾತೂರಿನಿಂದ ಆರ್ಡರ್ ಬಂದವು. ಬಸವಕಲ್ಯಾಣದ ಅಂಗಡಿಯೊಂದರ ಗಲ್ಲಾಪೆಟ್ಟಿಗೆಯ ಪಕ್ಕ ಅವಳ ಡಬ್ಬಿಗಳು ಸಾಲಾಗಿ ನಿಂತವು. ಒಂದು ಗಿರಣಿ ಹಾಕಬೇಕು, ಓಣಿಯ ನಾಲ್ಕು ಹೆಂಗಸರಿಗೆ ಕೆಲಸ ಕೊಡಬೇಕು ಎಂದು ಅಕ್ಕ ಹೇಳತೊಡಗಿದ್ದು ಆಗಲೇ.

ಜನ ಮಾಲಿಗಿಂತ ಮೊದಲು ಅದನ್ನು ಮಾಡಿದವರ ಕತೆಯನ್ನು ನಂಬುತ್ತಾರೆ ಎಂದು ಯಾವುದೋ ಪುಸ್ತಕದಲ್ಲಿ ಓದಿಕೊಂಡು ಬಂದಳು. ಅಂದು ಅವಳು ಹೇಳಿ ಬರೆಸಿದ್ದು ಉದ್ದ ಬರಹವೇನಲ್ಲ, ಇಷ್ಟೇ: ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ ಇದೆ, ಅದರ ಕೆಳಗೆ ಒಲೆ. ಅವ್ವ ಕೂಲಿಯಿಂದ ಬಂದು ಈ ಹಿಂಡಿ ಕುಟ್ಟುತ್ತಿದ್ದಳು. ಅಗಸಿ ಬೆಳೆಯುತ್ತಿದ್ದುದು ನಮ್ಮ ಮನೆಯ ನೀರು ಮುಟ್ಟದವರ ಹೊಲದಲ್ಲಿ. ಜೊತೆಗೆ ಒಲೆಯ ಮುಂದೆ ಕೂತ ಅವಳದೇ ಫೋಟೊ. ಅಲ್ಲಿಯವರೆಗೆ ಅವಳು ಯಾರ ಪೈಕಿ ಎಂದು ನಮ್ಮ ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಕೇಳದೆ ಬಿಟ್ಟಿದ್ದರೋ ಏನೋ.

ಆ ಬರಹವನ್ನು ಓದಿದವರ ಸಂಖ್ಯೆ ಏರುತ್ತಲೇ ಹೋಯಿತು. ಆರ್ಡರ್ ಮಾತ್ರ ನಿಂತವು.

"ಫೋಟೊ ಕಪ್ಪಗ ಬಂದದೇನ ತಂಗಿ?" ಎಂದು ಅಕ್ಕ ಕೇಳಿದಳು. ಫೋಟೊ ಬದಲಿಸಿದೆವು. ತಲೆಬರಹ ಚಿಕ್ಕದು ಮಾಡಿದೆವು. ಎಲ್ಲಿ ತಪ್ಪಿದೆವು ಎಂದು ಅವಳು ಪುಸ್ತಕ ತಿರುವಿ ಹಾಕುತ್ತಿದ್ದಳು, ನಾನೂ ಪಕ್ಕದಲ್ಲಿ ಬಗ್ಗಿ ಹುಡುಕುತ್ತಿದ್ದೆ. ಅವಳಿಗೆ ಆಗಲೇ ಗೊತ್ತಿತ್ತು ಎಂದು ಈಗ ಅನಿಸುತ್ತದೆ. ಆದರೆ ಅದು ಇವತ್ತಿನ ನನ್ನ ಬುದ್ಧಿ...

ಬಸವಕಲ್ಯಾಣದ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ಡಬ್ಬಿಗಳನ್ನು ಆಗಲೇ ರಟ್ಟಿನ ಪೆಟ್ಟಿಗೆಗೆ ತುಂಬಿಟ್ಟಿದ್ದ. ದನಿ ಮೆತ್ತಗಿತ್ತು.

"ಮಾಲ್ ಛಲೋ ಅದರಿ, ಅದರಾಗ ಎರಡು ಮಾತಿಲ್ಲ. ನಿಮ್ಮ ಮನಿ ಬಗ್ಗೆ ಬರದದ್ದೊಂದು ತೆಗದ್ ಬಿಡ್ರಿ, ನಾಳಿಗೇ ಮತ್ತ ಇಡ್ತೀನಿ."

ಮರಳುವ ಬಸ್ಸಿನಲ್ಲಿ ಪೆಟ್ಟಿಗೆ ಅವಳ ತೊಡೆಯ ಮೇಲಿತ್ತು. ಹಳ್ಳದ ಹತ್ತಿರ ಬಸ್ಸು ಕುಲುಕಿದಾಗ ಅದನ್ನು ತಬ್ಬಿ ಹಿಡಿದಳು.

"ನಿನ್ನ ಕತಿ ಹೇಳು ಅಂತ ಪುಸ್ತಕದಾಗ ಇತ್ತು, ಹೇಳ್ದೆ. ಮುಚ್ಚಿಡು ಅಂತ ಯಾವ ಪುಸ್ತಕದಾಗೂ ಬರದಿಲ್ಲ ತಂಗಿ," ಎಂದಳು.

ಹೇಳಿ ನಕ್ಕಳು ಎಂದು ನನ್ನ ನೆನಪು. ಆ ನಗು ನಿಜವಾಗಿ ಇತ್ತೋ, ನನ್ನ ಸಮಾಧಾನಕ್ಕೆ ನಾನೇ ಸೇರಿಸಿಕೊಂಡೆನೋ.

ಬರಹವನ್ನು ಅವಳು ತೆಗೆಯಲಿಲ್ಲ. ಗಿರಣಿಯ ಮಾತು ಮತ್ತೆ ಎತ್ತಲಿಲ್ಲ. ಕೆಲವು ತಿಂಗಳಾದ ಮೇಲೆ ಗಂಡನ ಜೊತೆ ಹೈದರಾಬಾದಿನ ಕಡೆ ಕೆಲಸಕ್ಕೆ ಹೋದಳು. ಹೋದ ವರ್ಷ ಕಾಕು ಫೋನಿನಲ್ಲಿ ಬೇರೇನೋ ಮಾತಾಡುತ್ತ ನಡುವೆ, "ಹಿಂಡಿ ಅಕ್ಕ ತೀರಿಕೊಂಡ್ಳಂತ," ಎಂದಳು. ಏನಾಗಿತ್ತು ಎಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ.

ಬ್ಲಾಗು ಇನ್ನೂ ಇದೆ. ಕೊನೆಯ ಬರಹ, ಹೊಸದಾಗಿ ವ್ಯಾಪಾರಕ್ಕೆ ಇಳಿಯುವ ಅಕ್ಕತಂಗಿಯರು ಯಾವ ಪುಸ್ತಕ ಓದಬೇಕು ಎಂಬುದು. ಹೈದರಾಬಾದಿಗೆ ಹೋಗುವ ಮುಂಚೆ ಅವಳೇ ಫೋನಿನಲ್ಲಿ ಕುಟ್ಟಿ ಹಾಕಿದ್ದು. ಪುಸ್ತಕ ಸಿಗದಿದ್ದರೆ ನಮ್ಮ ಮನೆಗೆ ಬನ್ನಿ, ಓದಿ ವಾಪಸ್ ಕೊಡಿ ಎಂದು ಕೆಳಗೆ ಬರೆದಿದ್ದಾಳೆ. ಮನೆಗೆ ಬನ್ನಿ ಎಂಬಲ್ಲಿಂದ ಮುಂದೆ ಓದಲು ನನಗೆ ಈಗಲೂ ಆಗುವುದಿಲ್ಲ.

ಡಾಕ್ಟರು ಖಾರ ಬೇಡ ಅಂದಿದ್ದಾರೆ ಎಂದು ಕಾಕು ಆರ್ಡರ್ ನಿಂತ ಆ ದಿನಗಳ ಸುಮಾರಿಗೇ ಅಕ್ಕನಿಂದ ಹಿಂಡಿ ಕೊಳ್ಳುವುದನ್ನು ಬಿಟ್ಟಿದ್ದಳು. ಅದೇ ವಾರ ಮನೆಯಲ್ಲಿ ಹಸಿಮೆಣಸಿನಕಾಯಿ ಕುಟ್ಟಿದ ನೆನಪು, ನನ್ನ ಕಣ್ಣು ಉರಿದ ನೆನಪು. ಬೇರೆ ಯಾವುದೋ ವಾರ ಇದ್ದರೂ ಇರಬಹುದು. ಇರಲಿ ಎಂದೇ ನನ್ನ ಆಸೆ.

ಮೊನ್ನೆ ಡಬ್ಬಿ ಹಿಡಿದುಕೊಂಡೇ ಕೇಳಿಬಿಟ್ಟೆ. ಕಾಕು ಸೆರಗಿಗೆ ಚುಚ್ಚಲು ಪಿನ್ನು ಹುಡುಕುತ್ತಿದ್ದಳು. ಒಂದು ಪಿನ್ನು ಆರಿಸಿಕೊಂಡು, ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, ಮುಚ್ಚಳ ಬಿಗಿಯಾಗಿ ತಿರುಗಿಸಿ ಮೇಲಿಟ್ಟಳು. ನಾನು ಕೇಳಿದ್ದು ಇಷ್ಟೇ:

"ಕಾಕು, ಡಾಕ್ಟರ್ ಖಾರ ಬ್ಯಾಡ ಅಂದದ್ದು ಅಕ್ಕ ತನ್ನ ಮನಿ ಕತಿ ಬರಸೂ ಮುಂಚೇನೋ, ಬರಸಿದ ಮ್ಯಾಲೋ?"