ಪಂಜಿ ಯಾರು ಎಂದು ನಾನು ಕೇಳಲಿಲ್ಲ

ಸದಾಶಿವ ಅವರೇ, ನಿಮ್ಮನ್ನು ದೋಹಾದಿಂದ ಊರಿಗೆ ಕಳಿಸಿದ್ದು ಮ್ಯಾನೇಜರ್ ಅಲ್ಲ. ನಾನು. ನಿಮ್ಮ ಜೊತೆ ಒಂದೇ ಒಲೆಯಲ್ಲಿ ಅನ್ನ ಬೇಯಿಸಿಕೊಂಡು, ನಿಮ್ಮ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು, ನಿಮ್ಮ ಹೆಂಡತಿ ಕಳಿಸಿದ ಉಪ್ಪಿನಕಾಯಿಯನ್ನು ಮಾತ್ರ ನಾಚಿಕೆಯಿಲ್ಲದೆ ನೆಕ್ಕುತ್ತಿದ್ದ ಮೈಸೂರಿನ ಮೂರ್ತಿ. ಎಚ್‌ಆರ್ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ನಿಮ್ಮ ಹೆಸರು ಹೇಳಿದವನು ನಾನೇ.

ಅನುಮಾನ ನನ್ನ ಹುಟ್ಟುಗುಣ. ತರಕಾರಿ ತೂಗಿ ಕೊಟ್ಟ ಮೇಲೂ ಚೀಲವನ್ನು ಕೈಯಲ್ಲಿ ಎತ್ತಿ ನೋಡುವವನು ನಾನು. ಇದನ್ನು ನೆಪಕ್ಕೆ ಹೇಳುತ್ತಿಲ್ಲ — ನಿಮ್ಮ ಪಕ್ಕದ ಕೋಣೆಯಲ್ಲಿ ಎಂಥವನಿದ್ದ ಎಂದು ನಿಮಗೆ ಗೊತ್ತಾಗಲಿ ಎಂದು.

ಅಬು ಹಮೂರ್‌ನ ಆ ವಿಲ್ಲಾದಲ್ಲಿ ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಸಂಜೆ ಆಫೀಸಿನಿಂದ ಬಂದು ಚಹಾ ಕುಡಿದರೆ ನಿಮ್ಮ ಫೋನು ಶುರು. ತುಳುವಿನಲ್ಲಿ, ದನಿ ತಗ್ಗಿಸಿ. ನನಗೆ ತುಳು ಬಾರದು. ನಡುನಡುವೆ ಇಂಗ್ಲಿಷ್ ಅಂಕಿಗಳು ಮಾತ್ರ ಹಲಗೆ ದಾಟಿ ಬರುತ್ತಿದ್ದವು — ಟೂ ಟ್ವೆಂಟಿತ್ರೀ, ತ್ರೀ ನಾಟ್ ಎಯ್ಟ್. ಮತ್ತೆ ಮತ್ತೆ ಅವೇ. ಏನಿದು, ಯಾರದಾದರೂ ಮನೆ ನಂಬರೇ? ನಗಬೇಡಿ, ನಮ್ಮ ಮ್ಯಾನೇಜರ್ ಇದ್ದ ಕಟ್ಟಡಕ್ಕೆ ಹೋಗಿ ಅವರ ಫ್ಲ್ಯಾಟಿನ ನಂಬರ್ ನೋಡಿಕೊಂಡು ಬಂದೆ. ಎರಡೂ ಅಲ್ಲ. ಆದರೂ ಅನುಮಾನ ಕಡಿಮೆಯಾಗಲಿಲ್ಲ, ಇನ್ನೂ ಜಾಸ್ತಿಯೇ ಆಯಿತು.

ಮ್ಯಾನೇಜರ್ ಯಾಕೆ ನೆನಪಾದರು ಎಂದರೆ, ಅದಕ್ಕೆ ಒಂದು ವಾರ ಮೊದಲು ನೀವು ಅವರ ಜೊತೆ ಜಗಳ ಆಡಿದ್ದಿರಿ. ನಿಮ್ಮ ಹೆಂಡತಿ, ಮಗಳನ್ನು ಕರೆಸಿಕೊಳ್ಳುವ ಫ್ಯಾಮಿಲಿ ವೀಸಾಕ್ಕೆ ಅವರ ಸಹಿ ಬೇಕಿತ್ತು. ಅವರು ಇವತ್ತು ನಾಳೆ ಎನ್ನುತ್ತಿದ್ದರು. ಇಂಡಸ್ಟ್ರಿಯಲ್ ಏರಿಯಾದ ಆ ಆಫೀಸಿನಲ್ಲಿ, ಗೋದಾಮಿನವರೆಲ್ಲ ನೋಡುತ್ತಿರುವಾಗ, ನೀವು ಕೂಗಾಡಿದಿರಿ. ಮಗಳಿಗೆಂದು ಗುಲಾಬಿ ಬಣ್ಣದ ಸೈಕಲ್ ಆಗಲೇ ತಂದು ಮಂಚದ ಪಕ್ಕ ನಿಲ್ಲಿಸಿದ್ದ ಮನುಷ್ಯ ಕೂಗಾಡದೆ ಇನ್ನೇನು ಮಾಡುತ್ತಾನೆ — ಎಂದು ಈಗ ಅನ್ನಿಸುತ್ತದೆ. ಮ್ಯಾನೇಜರ್ ಪಂಜಾಬಿನವರು. ಬೆನ್ನ ಹಿಂದೆ ನಾವೆಲ್ಲ ಪಂಜಾಬಿ, ಪಂಜಾಬಿ ಎಂದೇ ಕರೆಯುತ್ತಿದ್ದೆವು. ಇದು ನೆನಪಿರಲಿ.

ಒಂದು ಸಂಜೆ ಸಕ್ಕರೆ ಕೇಳಲು ನಿಮ್ಮ ಕೋಣೆಗೆ ಬಂದೆ. ಮೊಬೈಲ್ ಪರದೆಯ ಮೇಲೆ ಕಪ್ಪು ರೈಫಲ್ ಒಂದರ ಚಿತ್ರ. ನನ್ನನ್ನು ನೋಡಿದ ಕೂಡಲೇ ನೀವು ಅದನ್ನು ಮಗುಚಿ ಇಟ್ಟಿರಿ. ಸಕ್ಕರೆ ಮರೆತು ವಾಪಸ್ ಬಂದು ಹಲಗೆಗೆ ಕಿವಿ ಕೊಟ್ಟೆ. ಆಗ ನೀವು ಫೋನಿನಲ್ಲಿ ನಗುತ್ತ ಹೇಳಿದಿರಿ —

"ಪಂಜಿಗ್ ಒಂಜೇ ಬೆಡಿ ಯಾವು, ಬಾವ."

ಮಾರನೆಯ ದಿನ ಅಕೌಂಟ್ಸಿನ ಲಾರೆನ್ಸ್, ನಿಮ್ಮೂರಿನ ಕಡೆಯವರೇ, ಅವರನ್ನು ಮೆಲ್ಲಗೆ ಕೇಳಿದೆ. ಬೆಡಿ ಎಂದರೆ ಕೋವಿ, ಗುಂಡು ಹೊಡೆದರೆ ಅದೂ ಬೆಡಿಯೇ ಎಂದರು. ಒಂಜೇ ಎಂದರೆ ಒಂದೇ, ಯಾವು ಎಂದರೆ ಸಾಕು. ಪಂಜಿ ಎಂದರೆ ಏನು ಎಂದು ಕೇಳಲಿಲ್ಲ. ಕೇಳುವುದೇನಿತ್ತು? ಪಂಜಾಬಿಯನ್ನು ಮೊಟಕು ಮಾಡಿ ಪಂಜಿ ಎನ್ನುತ್ತಿದ್ದೀರಿ — ಎಷ್ಟು ಬುದ್ಧಿವಂತ ನಾನು! ಮೂರು ಶಬ್ದಕ್ಕೆ ಅರ್ಥ ಕೇಳಿ, ನಾಲ್ಕನೆಯದನ್ನು ನಾನೇ ತುಂಬಿಕೊಂಡೆ.

ಅದೇ ಮಧ್ಯಾಹ್ನ ಎಚ್‌ಆರ್‌ಗೆ ಎಲ್ಲ ಹೇಳಿದೆ. ಪೊಲೀಸರ ತನಕ ಹೋದರೆ ಕಂಪನಿಗೇ ತಲೆನೋವು, ಖಲಾಸ್, ಸುಮ್ಮನೆ ವೀಸಾ ಕ್ಯಾನ್ಸಲ್ ಮಾಡಿ ಕಳಿಸಿಬಿಡೋಣ ಎಂದರು. ನಿಮಗೆ ಕಾರಣ ಹೇಳಲಿಲ್ಲ. ಶನಿವಾರಕ್ಕೆ ಟಿಕೆಟ್ ಆಯಿತು.

ಶುಕ್ರವಾರ ಲಾರೆನ್ಸ್ ಅವರನ್ನು ಚರ್ಚಿಗೆ ಬಿಡಲು ಕಾರಿನಲ್ಲಿ ಹೋಗುತ್ತಿದ್ದೆ. ಊರಲ್ಲಿ ಇವತ್ತು ತಂಗಿಯ ನಿಶ್ಚಿತಾರ್ಥ, ಪಂಜಿ ಮಾಂಸದ ಊಟ, ನಾನಿಲ್ಲಿ ಕುಬೂಸ್ ರೊಟ್ಟಿ ಹರಿಯುತ್ತಿದ್ದೇನೆ ಎಂದು ಗೊಣಗಿದರು. ಪಂಜಿ ಮಾಂಸವೇ, ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಂದಿ, ಮಾರಾಯ್ರೇ, ಹಂದಿ!"

ಅವರನ್ನು ಇಳಿಸಿದ ಮೇಲೆ ಅಲ್ಲೇ ಪಾರ್ಕಿಂಗಿನಲ್ಲಿ ಕೂತೆ. ಆ ಅಂಕಿಗಳನ್ನು ಮೊಬೈಲಿನಲ್ಲಿ ಹಾಕಿ ನೋಡಿದೆ. ರೈಫಲ್ಲಿನ ಗುಂಡಿನ ಅಳತೆಗಳು. ಟೆಕ್ಸಾಸಿನಲ್ಲಿರುವ ನಿಮ್ಮ ಬಾವನ ಹೊಲಕ್ಕೆ ಕಾಡುಹಂದಿ ನುಗ್ಗುತ್ತದೆ ಎಂದು ನೀವೇ ಒಮ್ಮೆ ಊಟಕ್ಕೆ ಕೂತಾಗ ಹೇಳಿದ್ದಿರಿ — ನಾನು ಉಪ್ಪಿನಕಾಯಿಯ ಮೇಲೆ ಕಣ್ಣಿಟ್ಟಿದ್ದೆ. ಎಚ್‌ಆರ್‌ಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ನಂಬರ್ ತೆಗೆದೆ. ಆಫೀಸಿನಲ್ಲಿ ಎಲ್ಲರೂ ನಗುತ್ತಾರೆ, ಸುಳ್ಳು ದೂರು ಕೊಟ್ಟವನೆಂದು ನನ್ನ ವೀಸಾಕ್ಕೇ ಕುತ್ತು ಬಂದರೆ — ಫೋನು ಜೇಬಿಗೆ ಹೋಯಿತು. ಗೊತ್ತಿಲ್ಲದೆ ಮಾಡಿದ್ದು ಗುರುವಾರದವರೆಗೆ ಮಾತ್ರ. ಆಮೇಲಿನದೆಲ್ಲ ಗೊತ್ತಿದ್ದೇ ಮಾಡಿದ್ದು.

ಶನಿವಾರ ವಿಮಾನ ನಿಲ್ದಾಣಕ್ಕೆ ನಿಮ್ಮನ್ನು ಬಿಟ್ಟವನೂ ನಾನೇ. ದಾರಿಯಲ್ಲಿ, ಸುಮ್ಮನಿರಲಾರದೆ, ಬಾವ ಕೊನೆಗೆ ಯಾವ ರೈಫಲ್ ಕೊಂಡರು ಎಂದು ಕೇಳಿದೆ. ನೀವು ಆಶ್ಚರ್ಯಪಡಲೂ ಇಲ್ಲ. ಅವರಿಗೆ ದೊಡ್ಡದೇ, ತ್ರೀ ನಾಟ್ ಎಯ್ಟೇ ಬೇಕಂತೆ. ನೀವು ಕಾಲೇಜಿನ ಎನ್‌ಸಿಸಿಯಲ್ಲಿ ಗುರಿ ಕಲಿತವರು, ಮೊದಲ ರೈಫಲ್ ಭುಜಕ್ಕೆ ಒದೆಯುವಂಥದ್ದು ಬೇಡ, ಹೆದರಿಕೆಯಲ್ಲಿ ಕಣ್ಣು ಮುಚ್ಚಿ ಹೊಡೆದರೆ ಯಾರಿಗೆ ಬೀಳುತ್ತದೋ ಗೊತ್ತಾಗುವುದಿಲ್ಲ, ಟೂ ಟ್ವೆಂಟಿತ್ರೀ ತೆಗೆದುಕೊಂಡು ಕೈ ಕೂತ ಮೇಲೆ ಮುಂದಿನದು ನೋಡಿ ಎಂದಿರಂತೆ. ಈ ದೇಶದಲ್ಲಿ ಇದನ್ನೆಲ್ಲ ಜೋರಾಗಿ ಮಾತಾಡಲು ಭಯ, ಅದಕ್ಕೇ ತುಳುವಿನಲ್ಲಿ, ಮೆಲ್ಲಗೆ, ಎಂದಿರಿ. ನಾನು ರಸ್ತೆ ನೋಡುತ್ತಿದ್ದೆ.

ಒಳಗೆ ಹೋಗುವ ಮೊದಲು ನನ್ನ ಕೈ ಹಿಡಿದುಕೊಂಡಿರಿ. "ಆ ಪಂಜಾಬಿಯೇ ಮಾಡಿದ್ದು. ನಂಗೆ ಗೊತ್ತುಂಟು. ನೀವು ಅವನ ಹತ್ರ ಜಾಗ್ರತೆ ಇರಿ, ಮೂರ್ತಿಯವರೇ."

"ಹೌದು," ಎಂದೆ ನಾನು.

ಆ ಒಂದು ಹೌದು — ದೂರು ಕೊಟ್ಟದ್ದಕ್ಕಿಂತ ಅದೇ ಹೆಚ್ಚು ಸುಡುತ್ತದೆ. ಸದಾಶಿವರನ್ನು ಯಾಕೆ ಕಳಿಸುತ್ತಿದ್ದೀರಿ, ಒಳ್ಳೆಯ ಕೆಲಸಗಾರ ಎಂದು ಎಚ್‌ಆರ್ ಜೊತೆ ವಾದ ಮಾಡಿದ್ದು ಆ ಮ್ಯಾನೇಜರ್ ಒಬ್ಬರೇ. ನಿಮ್ಮ ಫ್ಯಾಮಿಲಿ ವೀಸಾದ ಕಾಗದಕ್ಕೂ ಸಹಿ ಹಾಕಿಯೇ ಇಟ್ಟಿದ್ದರು.

ಸೈಕಲ್ಲನ್ನು ನೀವು ನನಗೆ ಕೊಟ್ಟು ಹೋದಿರಿ, ನನ್ನ ಮಗಳು ಬಂದರೆ ಓಡಿಸಲಿ ಎಂದು. ನನ್ನ ಹೆಂಡತಿ, ಮಗಳು ಮರುವರ್ಷ ಬಂದರು. ಅವಳು ಓಡಿಸಿದಳು. ಮೊನ್ನೆ, ಕಾಲು ನೆಲಕ್ಕೆ ತಾಗುತ್ತದೆ, ದೊಡ್ಡದು ಕೊಡಿಸಿ ಎಂದು ಹಟ ಹಿಡಿದವಳು, ಹ್ಯಾಂಡಲ್ ಮೇಲಿನ ಸ್ಟಿಕ್ಕರ್ ತೋರಿಸಿ ತನ್ನ ಅರೆಬರೆ ಕನ್ನಡದಲ್ಲಿ ಕೇಳಿದಳು: "ಅಪ್ಪಾ, ಧನ್ಯ ಅಂದ್ರೆ ಯಾರು?"

ನಿಮ್ಮ ಮಗಳು ಎಂದು ಹೇಳಿದೆ. ಅವಳು ಬರಬೇಕಿತ್ತು, ನಿನ್ನ ಅಪ್ಪನೇ ಬರಗೊಡಲಿಲ್ಲ ಎಂದೂ ಹೇಳಿದೆ. ಇವತ್ತು ಬೆಳಿಗ್ಗೆ ಮ್ಯಾನೇಜರಿಗೂ ಎಚ್‌ಆರ್‌ಗೂ ನಿಜ ಹೇಳಿ ಬಂದೆ. ಅವರು ಏನು ಮಾಡುತ್ತಾರೋ ಮಾಡಲಿ. ಉಳಿದಿದ್ದವರು ನೀವು.